ಊಸರವಳ್ಳಿಗೆ ನಾಗಭೂಷಣರು ಆರಿಸಿದ ನೆಲ

ನಾಗಭೂಷಣರು ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ನೆಲವನ್ನು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಒಳಗಿಡುತ್ತಾರೆ. "ಬರ್ರಿ, ಕೂಡ್ರಿ" ಎನ್ನುವವರ ಕಡೆಗೆ ಒಂದು ಕೈ ಎತ್ತಿ, ಇನ್ನೊಂದು ಕೈಯಲ್ಲಿರುವ ಕಾರಿನ ಕೀಯಿಂದ ಬಗ್ಗಿ ಟಕ್ ಟಕ್ ಎಂದು ಟೈಲ್ಸಿಗೆ ಕುಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಸದ್ದು ಬಂದರೆ ಕೂರುತ್ತಾರೆ. ಟೊಳ್ಳು ಸದ್ದು ಬಂದರೆ ನಿಂತಲ್ಲೇ "ಯಾರ್ರಿ ಹಾಕಿದ್ದು ಇದನ್ನ?" ಎನ್ನುತ್ತಾರೆ. ಆಮೇಲೆ ಆ ಮನೆಯವರಿಗೆ ಚಹಾ ಕೊಡುವ ಮನಸ್ಸೂ ಉಳಿಯುವುದಿಲ್ಲ.

ಹೋಗಲಿ, ಸಾವಿನ ಮನೆಯಲ್ಲಾದರೂ ಮನುಷ್ಯ ಸುಮ್ಮನಿರಬೇಡವೇ? ಹೋದ ವರ್ಷ ಪರಿಚಯದ ಹಿರಿಯರೊಬ್ಬರು ತೀರಿಕೊಂಡಾಗ ಇವರು ಹಾರ ಹಿಡಿದುಕೊಂಡು ಹೋದರು. ಹಾರ ಹಾಕಿದರು, ಕೈ ಮುಗಿದರು, ಕಣ್ಣೊರೆಸಿಕೊಂಡರು. ಅಷ್ಟಕ್ಕೇ ವಾಪಸು ಬಂದಿದ್ದರೆ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುತ್ತಿದ್ದರು. ಅಳುತ್ತಿದ್ದ ಮಗನ ಹೆಗಲ ಮೇಲೆ ಕೈಯಿಟ್ಟು, "ಇಳಕಲ್ ಕೆಂಪು ಅಂತ ಹೇಳಿ ಕೊಟ್ರಾ ಈ ಕಲ್ಲು? ಪಾಪ, ನಿಮ್ಮಪ್ಪಾಜಿಗೆ ಮೋಸ ಆಗೈತೆ ಬಿಡ್ರಿ" ಎಂದುಬಿಟ್ಟರು. ಹೆಂಡತಿ ವಾಣಿಶ್ರೀ ಹಿಂದಿನಿಂದ ಅಂಗಿ ಜಗ್ಗಿದ ರಭಸಕ್ಕೆ ಒಂದು ಗುಂಡಿ ಕಿತ್ತು ಬಂತು.

ದಾವಣಗೆರೆಯಲ್ಲಿ ನೆಲದ ವಿಷಯ ಬಂದರೆ ನಾಗಭೂಷಣರ ಮಾತೇ ಕೊನೆಯ ಮಾತು. ಹಾಗಂತ ಊರು ಹೇಳುತ್ತದೋ ಇಲ್ಲವೋ, ಅವರಂತೂ ಹೇಳುತ್ತಾರೆ. ಅಪ್ಪ ಕೆಂಚವೀರಪ್ಪನವರು ಶಹಾಬಾದ್ ಕಲ್ಲು ತರಿಸಿ ಎತ್ತಿನ ಗಾಡಿಯಲ್ಲಿ ಮಾರುತ್ತಿದ್ದವರು. ಮಗನ ಕಾಲಕ್ಕೆ ಮೊಸಾಯಿಕ್ ಬಂತು, ಹೋಯಿತು, ಸಿರಾಮಿಕ್ ಬಂತು, ಹೋಯಿತು, ವಿಟ್ರಿಫೈಡ್ ಬಂತು, ಗ್ರಾನೈಟು, ಇಟಲಿಯ ಮಾರ್ಬಲ್ಲು ಎಲ್ಲ ಬಂದವು. ಒಂದೊಂದು ಬಂದಾಗಲೂ ಅದೇ ಜಗತ್ತಿನ ಕಟ್ಟಕಡೆಯ ನೆಲ ಎಂದು ಇವರು ಆಣೆ ಮಾಡಿ ಹೇಳಿದ್ದಾರೆ. ಪಿ.ಬಿ. ರಸ್ತೆಯಲ್ಲಿ ಎರಡು ಅಂತಸ್ತಿನ ಅಂಗಡಿ, ಕರೂರು ಕೈಗಾರಿಕಾ ಪ್ರದೇಶದಲ್ಲಿ ಕಲ್ಲು ಕೊಯ್ಯುವ ಮಿಷನ್ನು ಇಟ್ಟ ಗೋಡೌನು, ದೇವರಾಜ ಅರಸು ಬಡಾವಣೆಯಲ್ಲಿ ಮನೆ.

ಆ ಮನೆಯನ್ನು ಒಮ್ಮೆ ನೋಡಬೇಕು. ಗೇಟಿನಿಂದ ಹಿಂದಿನ ಕಾಂಪೌಂಡಿನವರೆಗೆ ಅಂಗೈಯಗಲ ಮಣ್ಣು ಕಾಣುವುದಿಲ್ಲ. ಪೋರ್ಟಿಕೋಗೆ ಒರಟು ಗ್ರಾನೈಟು, ಸುತ್ತ ಓಡಾಡಲು ಸಿಮೆಂಟಿನ ಪೇವರ್‌ಗಳು, ಒಳಗೆಲ್ಲ ಮುಖ ಕಾಣುವ ಪಾಲಿಶು, ತಾರಸಿಗೆ ಬಿಳಿ ಟೈಲ್ಸು. ಹಿತ್ತಲಲ್ಲಿ ಒಂದು ನುಗ್ಗೆಮರ ಇತ್ತು. ಅದರ ಬೇರು ಒಂದು ಪೇವರನ್ನು ಅರ್ಧ ಇಂಚು ಎತ್ತಿತು ಎಂಬ ಅಪರಾಧಕ್ಕೆ ಮರಕ್ಕೇ ಮರಣದಂಡನೆ ಆಯಿತು. ವಾಣಿಶ್ರೀಗೆ ನುಗ್ಗೆಸೊಪ್ಪಿನ ಪಲ್ಯ ಎಂದರೆ ಪ್ರಾಣ. ಆಕೆ ಮೂರು ದಿನ ಗಂಡನ ಜೊತೆ ಮಾತು ಬಿಟ್ಟಳು. ಅವರಿಗೆ ಅದು ಗೊತ್ತಾಗಿದ್ದು ನಾಲ್ಕನೆಯ ದಿನ.

ಇಂಥ ಮನೆಗೆ ಊಸರವಳ್ಳಿ ಬಂತು.

ತರಿಸಿದ್ದು ಮಗಳು ರಶ್ಮಿ. ಹತ್ತನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದವಳು. "ಏನು ಬೇಕೋ ಕೇಳು ಪುಟ್ಟಿ" ಎಂದು ಅಪ್ಪ ನಾಲ್ಕು ಜನರ ಮುಂದೆ ಎದೆ ಉಬ್ಬಿಸಿದರು. ಸ್ಕೂಟಿ ಕೇಳುತ್ತಾಳೆ ಎಂದುಕೊಂಡಿದ್ದರು. ಅವಳು ಊಸರವಳ್ಳಿ ಕೇಳಿದಳು. ಮಾತು ಕೊಟ್ಟಾಗಿತ್ತು, ನಾಲ್ಕು ಜನರೂ ಕೇಳಿಸಿಕೊಂಡಾಗಿತ್ತು. ಬೆಂಗಳೂರಿನಲ್ಲಿ ಆಸಿಮ್ ಎಂಬ ತರುಣ ಇಂಥ ಪ್ರಾಣಿಗಳನ್ನು ಸಾಕಿ, ಮರಿ ಮಾಡಿಸಿ ಕೊಡುತ್ತಿದ್ದ. ನಮ್ಮ ಹೊಲದ ಬೇಲಿಯಲ್ಲಿ ಸಿಗುವಂಥದ್ದಲ್ಲ, ಅದನ್ನು ಮನೆಯಲ್ಲಿಡಲು ಕಾನೂನು ಬಿಡುವುದೂ ಇಲ್ಲ. ಇದು ಯೆಮನ್ ದೇಶದ ತಳಿ. ಕಾಗದ ಪತ್ರ ಎಲ್ಲ ಸರಿ ಮಾಡಿಸಿ, ತೂತು ಹೊಡೆದ ಡಬ್ಬಿಯಲ್ಲಿ ಕೂರಿಸಿ ತಂದರು. ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಮರಿ. ತಲೆಯ ಮೇಲೆ ಪುಟ್ಟ ಕಿರೀಟದಂಥ ಗೂನು, ಒಂದು ಕಣ್ಣು ಪೂರ್ವಕ್ಕೆ, ಒಂದು ಕಣ್ಣು ಪಶ್ಚಿಮಕ್ಕೆ. ರಶ್ಮಿ ಅದಕ್ಕೆ ಪಚ್ಚೆ ಎಂದು ಹೆಸರಿಟ್ಟಳು.

"ಮನೇಲಿ ಒಬ್ರು ಇರೋದು ಸಾಲ್ದಾಗಿತ್ತೇನು, ಇನ್ನೊಂದು ತಂದ್ರಿ" ಎಂದಳು ವಾಣಿಶ್ರೀ.

"ನನಗೇ ಅಂದಿದ್ದೇನು ಅದು?" ಎಂದರು ನಾಗಭೂಷಣರು.

"ನಾನು ಹೆಸರು ಹೇಳಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕ ಹೆಗಲು ಮುಟ್ಕೋತೀರಿ?"

ಪಚ್ಚೆಗೆ ಗೂಡು ಬೇಕಾಯಿತು. ಕರೂರಿನ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ನಾಲ್ಕಡಿ ಎತ್ತರದ ಜಾಲರಿ ಗೂಡು ಮಾಡಿಸಿದರು. ಒಳಗೆ ದಾಸವಾಳದ ಕುಂಡ, ಹತ್ತಲು ಸೀಬೆಯ ಕೊಂಬೆಗಳು, ಮೇಲೊಂದು ದೀಪ. ರಶ್ಮಿ ದಿನಕ್ಕೆರಡು ಸಲ ಎಲೆಗಳ ಮೇಲೆ ನೀರು ಚಿಮುಕಿಸುವಳು, ಅದು ಎಲೆಯ ಹನಿಯನ್ನು ನೆಕ್ಕುವುದು. ಎಲ್ಲ ಸರಿಹೋಯಿತು. ಉಳಿದದ್ದು ಒಂದೇ, ಗೂಡಿಗೆ ನೆಲ. ನಾಗಭೂಷಣರು ತೋಳೇರಿಸಿದರು. ಮೂವತ್ತು ವರ್ಷ ಮನುಷ್ಯರಿಗೆ ನೆಲ ಆರಿಸಿದವರಿಗೆ ಒಂದು ಓತಿಕ್ಯಾತಕ್ಕೆ ಆರಿಸುವುದು ಯಾವ ಲೆಕ್ಕ?

ರಶ್ಮಿ ಟ್ಯೂಷನ್ನಿಗೆ ಹೋಗಿದ್ದ ಒಂದು ಸಂಜೆ, ಶಾಸ್ತ್ರಕ್ಕೆ ಒಂದು ಮಾತು ಕೇಳೋಣ ಎಂದು ಆಸಿಮ್‌ಗೆ ಫೋನು ಹಚ್ಚಿದರು.

"ಏನೂ ಬೇಡ ಸಾರ್" ಎಂದ ಆಸಿಮ್.

"ಏನೂ ಬ್ಯಾಡ ಅಂದ್ರೆ?"

"ಅದು ಕೊಂಬೆ ಮೇಲಿರೋ ಪ್ರಾಣಿ ಸಾರ್, ಕೆಳಗಿಳಿಯೋದೇ ಇಲ್ಲ. ಅಡಿಗೆ ಒಂದು ಪೇಪರ್ ಹಾಕಿ, ಗಲೀಜಾದಾಗ ಬದಲಾಯಿಸಿ. ಅಷ್ಟೇ."

ನಾಗಭೂಷಣರಿಗೆ ಮೈಯೆಲ್ಲ ಉರಿದುಹೋಯಿತು. ನೆಲಕ್ಕೆ ಪೇಪರು! ಕೆಂಚವೀರಪ್ಪನವರ ಮಗನ ಮನೆಯಲ್ಲಿ ನೆಲಕ್ಕೆ ಹಳೇ ಪೇಪರು! ಈ ಹುಡುಗನಿಗೆ ಏನು ಗೊತ್ತು ಎಂದುಕೊಂಡು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಸ್ಯಾಂಪಲ್ ಪೆಟ್ಟಿಗೆ ತೆರೆದು ಕೂತರು. ಆಸಿಮ್ ಹೇಳುತ್ತಲೇ ಇದ್ದ. "ಇನ್ನೊಂದು ಮಾತು ಸಾರ್, ಇದು ಹೆಣ್ಣು. ಒಂದು ವರ್ಷ ತುಂಬೋ ಹೊತ್ತಿಗೆ ಗಂಡು ಜೊತೆಗಿಲ್ಲದಿದ್ರೂ ಮೊಟ್ಟೆ ಕಟ್ಟುತ್ತೆ, ಅದರಿಂದ ಮರಿ ಬರಲ್ಲ ಅಷ್ಟೇ. ಆಗ ಮಾತ್ರ ಕೆಳಗಿಳಿದು ನೆಲ ಕೆರೆಯುತ್ತೆ. ತಕ್ಷಣ ಒಂದು ಬಕೆಟ್ ತುಂಬ ಹಸಿ ಮಣ್ಣು ಇಡ್ಬೇಕು, ಒಂದಡಿ ಆಳ. ಮಣ್ಣು ಸಿಗದಿದ್ರೆ ಮೊಟ್ಟೆ ಒಳಗೇ ಉಳಿದು ಸತ್ತೇಹೋಗುತ್ತೆ. ಮಗಳಿಗೂ ಹೇಳಿಬಿಡಿ ಸಾರ್."

"ಆಯ್ತಪ್ಪ, ಹೇಳ್ತೀನಿ" ಎಂದರು ನಾಗಭೂಷಣರು, ಕಪ್ಪು ಚೂರೊಂದನ್ನು ಬೆಳಕಿಗೆ ಹಿಡಿದು ನೋಡುತ್ತಾ. ಹೇಳಲಿಲ್ಲ. ಬೇಕೆಂದೇ ಮುಚ್ಚಿಟ್ಟರೆಂದಲ್ಲ. ಗ್ರಾನೈಟಿನ ವಿಷಯವಲ್ಲದ ಮಾತು ಅವರ ತಲೆಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತ ಉದಾಹರಣೆಯೇ ಇಲ್ಲ.

ಮುಂದಿನ ಎರಡು ವಾರ ಮನೆಯಲ್ಲಿ ಬೇರೆ ಮಾತಿಲ್ಲ. ಮೊದಲು ಪ್ಲಾಸ್ಟಿಕ್ ಹುಲ್ಲುಹಾಸು ಬಂತು. ಪಚ್ಚೆಗೆ ಹಾಕಿದ ಮಿಡತೆಗಳೆಲ್ಲ ಅದರಡಿ ಸೇರಿಕೊಂಡು ಹಾಲಿನ ಸೋಫಾದವರೆಗೆ ಬಂದವು. ಆಮೇಲೆ ಮರದ ಚಕ್ಕೆ; ಮಿಡತೆಯ ಜೊತೆ ಚಕ್ಕೆಯೂ ನಾಲಿಗೆಗಂಟಿ ಹೊಟ್ಟೆಗೆ ಹೋದರೆ ಕರುಳು ಕಟ್ಟುತ್ತದೆ ಎಂದು ರಶ್ಮಿ ಎಲ್ಲೋ ಓದಿ ಕೂಗಾಡಿದಳು. ಬಣ್ಣದ ಬೆಣಚುಕಲ್ಲು ತಂದರೆ ಅದಕ್ಕೂ ಅದೇ ತಕರಾರು. "ಅಪ್ಪಾಜಿ, ಪೇಪರ್ ಹಾಕಿದ್ರೆ ಸಾಕಂತೆ, ಎಲ್ರೂ ಅದನ್ನೇ ಬರೆದಿದಾರೆ" ಎಂದು ಅವಳು ಹೇಳಿದ್ದು ನಿಜ. "ಎಲ್ರೂ ಅಂದ್ರೆ ಯಾರು? ಅವರ ಅಂಗಡಿ ಎಲ್ಲೈತೆ?" ಎಂದು ಇವರು ಕೇಳಿದ್ದೂ ನಿಜ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ಯಾರು ವಾದ ಮಾಡುತ್ತಾರೆ?

ಕೊನೆಗೆ ಆಯ್ಕೆಯಾಗಿದ್ದು ಬ್ಲ್ಯಾಕ್ ಗ್ಯಾಲಕ್ಸಿ. ಕಪ್ಪು ಗ್ರಾನೈಟು, ಒಳಗೆ ನಕ್ಷತ್ರದಂಥ ಚುಕ್ಕಿ, ಕನ್ನಡಿಯ ಪಾಲಿಶು. ಒಂದೇ ಹಲಗೆ, ನಡುವೆ ಸಂದಿಲ್ಲ, ನೀರು ಹರಿಯಲು ಒಂದು ಮೂಲೆಗೆ ಕೂದಲೆಳೆಯಷ್ಟು ಇಳಿಜಾರು. ಹಾಕಲು ಹರಿಹರದಿಂದ ಮಾಳಿಂಗಪ್ಪ ಬಂದ. ಇಪ್ಪತ್ತೆರಡು ವರ್ಷದಿಂದ ಇವರಿಗೆ ನೆಲ ಹಾಕುತ್ತಿರುವ ಮಿಸ್ತ್ರಿ ಅವನು. ರಸಮಟ್ಟ ಇಟ್ಟು ಇಳಿಜಾರು ನೋಡಿದ, ಕಲ್ಲಿಗೆ ಕುಂಕುಮ ಹಚ್ಚಿ ಕೈ ಮುಗಿದ, ಕೂರಿಸಿದ. ಕೆಲಸ ಮುಗಿದ ಮೇಲೆ ಕೊಂಬೆಯ ಮೇಲಿದ್ದ ಪಚ್ಚೆಯನ್ನೇ ನೋಡುತ್ತಾ ನಿಂತ.

"ಸಾವ್ಕಾರ್ರ, ಇದು ಗಂಡೋ ಹೆಣ್ಣೋ?"

"ಯಾಕ, ಸಂಬಂಧ ನೋಡ್ತೀಯಾ?"

"ಅಲ್ರಿ, ಹೆಣ್ಣಾದ್ರೆ ಮಣ್ಣು ಬೇಕ್ರಿ. ನಮ್ಮ ಹೊಲದ ಬದುವಿನಾಗೆ ನೋಡೀನಿ, ಮೊಟ್ಟೆ ಇಡಾಕೆ ಇಳಿದು ಬಂದು ನೆಲ ಕೆದರ್ತಾವು."

"ಅದು ಹೊಲದ್ದು ಮಾಳಿಂಗಪ್ಪ, ಇದು ಫಾರಿನ್ನು" ಎಂದರು ನಾಗಭೂಷಣರು. ಫಾರಿನ್ನಿನವು ಮೊಟ್ಟೆಯನ್ನು ಎಲ್ಲಿಡುತ್ತವೆ ಎಂದು ಕೇಳುವಷ್ಟು ಸಲಿಗೆ ಮಾಳಿಂಗಪ್ಪನಿಗೆ ಇರಲಿಲ್ಲ. ಚೀಲ ಹೆಗಲಿಗೇರಿಸಿ ಹರಿಹರದ ಬಸ್ಸು ಹತ್ತಿದ.

ಕಲ್ಲು ಹಾಕಿದ ಮರುದಿನವೇ ಒಂದು ವಿಶೇಷ ನಡೆಯಿತು. ಕೆಳಗಿನ ಕೊಂಬೆಗೆ ಬಂದ ಪಚ್ಚೆ ಗ್ರಾನೈಟಿನಲ್ಲಿ ತನ್ನದೇ ಮುಖ ಕಂಡಿತು. ಬೇರೊಂದು ಊಸರವಳ್ಳಿ ಬಂದು ಕೂತಿದೆ ಎಂದು ಹೆದರಿತೋ ಏನೋ, ಬಾಯಿ ತೆರೆದು ಬುಸ್ಸೆಂದಿತು, ಮೈ ಚಪ್ಪಟೆ ಮಾಡಿಕೊಂಡಿತು, ನೋಡನೋಡುತ್ತಿದ್ದಂತೆ ಕಪ್ಪಾಯಿತು. ನಾಗಭೂಷಣರು ಹಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು. "ನೋಡ್ರಿ, ನೋಡ್ರಿ! ಗ್ರಾನೈಟಿನ ಬಣ್ಣಕ್ಕೇ ತಿರುಗ್ತು! ಎಂಥಾ ಮ್ಯಾಚಿಂಗು!" ಕೂಡಲೇ ವಿಡಿಯೋ ಮಾಡಿ ವಾಟ್ಸಪ್ ಸ್ಟೇಟಸ್ಸಿಗೆ ಹಾಕಿದರು. ಕೆಳಗೆ, "ನಮ್ಮ ಗ್ರಾನೈಟಿಗೆ ಊಸರವಳ್ಳಿಯೂ ಒಪ್ಪಿದೆ, ನೀವು?"

"ಅದು ಹೆದರಿಕೊಂಡಿದೆ ಅಪ್ಪಾಜಿ" ಎಂದಳು ರಶ್ಮಿ. ಅಷ್ಟು ಹೊತ್ತಿಗೆ ಇನ್ನೂರು ಜನ ನೋಡಿ, ಅರ್ಧ ಜನ ಹೆಬ್ಬೆರಳು ಎತ್ತಿ ಆಗಿತ್ತು. ನೂರು ಹೆಬ್ಬೆರಳಿನ ಮುಂದೆ ಒಬ್ಬ ಮಗಳ ಮಾತು ಎಲ್ಲಿ ನಿಲ್ಲಬೇಕು? ಅವಳು ಕೆಳಗಿನ ಕೊಂಬೆಗಳನ್ನು ಕಿತ್ತು ಮೇಲೆ ಕಟ್ಟಿದಳು, ಪ್ರಾಣಿ ಕೆಳಗೆ ನೋಡದಂತೆ ಎಲೆ ಮರೆ ಮಾಡಿದಳು. ಪಚ್ಚೆ ಮತ್ತೆ ಹಸಿರಾಯಿತು. ಹಾಗೇ ತಿಂಗಳುಗಳು ಕಳೆದವು. ಹೆಬ್ಬೆರಳಿನಷ್ಟಿದ್ದದ್ದು ಗೇಣುದ್ದವಾಯಿತು. ರಶ್ಮಿ ಬೆರಳು ಚಾಚಿದರೆ ಒಂದೊಂದೇ ಹೆಜ್ಜೆ ತೂಗಿ ತೂಗಿ ಇಟ್ಟು ಅವಳ ಕೈಗೆ ಬರುವುದು, ಅಲ್ಲಿಂದ ಹೆಗಲಿಗೆ. ಅವಳು ಓದುವಾಗ ಹೆಗಲ ಮೇಲೇ ಕೂತು ಒಂದು ಕಣ್ಣಿನಲ್ಲಿ ಪುಸ್ತಕ, ಇನ್ನೊಂದು ಕಣ್ಣಿನಲ್ಲಿ ಫ್ಯಾನು ನೋಡುತ್ತಿತ್ತು. ಆ ಮನೆಯಲ್ಲಿ ರಶ್ಮಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ ಜೀವ ಅದೊಂದೇ.

ಪಿಯುಸಿಯ ಮೊದಲ ವರ್ಷ ಮುಗಿಯುವ ಹೊತ್ತಿಗೆ ಪಚ್ಚೆಯ ಮೈಮೇಲೆ ಹಳದಿ, ನೀಲಿ ಮಚ್ಚೆಗಳು ಎದ್ದವು. ಹೊಟ್ಟೆ ದಪ್ಪಗಾಯಿತು. ಆಮೇಲೆ ಒಂದು ಬೆಳಗ್ಗೆ, ಎಂದೂ ಇಳಿಯದ ಪ್ರಾಣಿ ಕೊಂಬೆಯಿಂದ ಇಳಿದು ಗ್ರಾನೈಟಿನ ಮೇಲೆ ನಿಂತಿತು. ಆ ಮೂಲೆಯಿಂದ ಈ ಮೂಲೆಗೆ, ಈ ಮೂಲೆಯಿಂದ ಆ ಮೂಲೆಗೆ ನಡೆಯಿತು. ಮೂಲೆಯಲ್ಲಿ ನಿಂತು ಮುಂಗಾಲಿನಿಂದ ಕಲ್ಲನ್ನು ಕೆರೆಯಿತು.

ನಾಗಭೂಷಣರ ಸಂಭ್ರಮ ಹೇಳತೀರದು. "ವರ್ಷ ಆತು ಇಳಿದಿರ್ಲಿಲ್ಲ. ಈಗ ನೆಲ ಬಿಟ್ಟು ಮೇಲಕ್ಕೇ ಹೋಗವಲ್ದು! ಗ್ರಾನೈಟು ಅಂದ್ರೆ ಹಂಗೆ ಕಣ್ರಿ, ಹಿಡಿಸೋಕೆ ಟೈಮ್ ಬೇಕು." ಅಂಗಡಿಗೆ ಬಂದ ಗಿರಾಕಿಗಳನ್ನು ಮನೆಗೇ ಕರೆತಂದರು. ಹರಿಹರದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಒಂದು ಸಂಸಾರ ಕಾರು ತುಂಬಿಕೊಂಡು ಬಂತು. ಅವರಿಗೆ ಮಿರ್ಚಿ ಮಂಡಕ್ಕಿ ಕೊಟ್ಟು, ಗೂಡಿನ ಮುಂದೆ ಕುರ್ಚಿ ಹಾಕಿ ತೋರಿಸಿದರು. ಪ್ರಾಣಿ ಕೆರೆಯುತ್ತಿತ್ತು, ಜಾರುತ್ತಿತ್ತು, ಮತ್ತೆ ಕೆರೆಯುತ್ತಿತ್ತು. "ಹೆಂಗೆ ಆಟ ಆಡ್ತತಿ ನೋಡ್ರಿ" ಎಂದಳು ಆ ಮನೆಯ ಹೆಂಗಸು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಸಂಸಾರ ಬ್ಲ್ಯಾಕ್ ಗ್ಯಾಲಕ್ಸಿಯನ್ನೇ ಆರಿಸಿಕೊಂಡು ಹೋಯಿತು.

ರಶ್ಮಿಗೆ ವಾರ್ಷಿಕ ಪರೀಕ್ಷೆ ನಡೆಯುತ್ತಿತ್ತು, ಗೂಡಿಗೆ ನೀರು ಚಿಮುಕಿಸಿ ಸರಿಯಾಗಿ ನೋಡದೆಯೇ ಓಡುತ್ತಿದ್ದಳು. ಪಚ್ಚೆ ಕೆಳಗಿಳಿದ ನಾಲ್ಕನೆಯ ದಿನ, ಪರೀಕ್ಷೆಗೆ ಬಿಡುವಿದ್ದ ಬೆಳಗ್ಗೆ ನೀರು ಚಿಮುಕಿಸಲು ಬಂದವಳು ನಿಂತುಬಿಟ್ಟಳು. ಕಲ್ಲಿನ ಮೂಲೆಯಲ್ಲಿ ಸಣ್ಣ ಸಣ್ಣ ಕೆಂಪು ಗೀರು. ಪ್ರಾಣಿಯ ಉಗುರು ಸವೆದು ರಕ್ತ ಬಂದಿತ್ತು. ಮಿಡತೆ ಹಾಕಿದರೆ ತಿರುಗಿಯೂ ನೋಡಲಿಲ್ಲ.

"ಅಮ್ಮಾ, ಬಾ ಇಲ್ಲಿ."

ವಾಣಿಶ್ರೀ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಆ ಪ್ರಾಣಿಯನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೆ. ಆದರೆ ಅದು ನಡೆಯುವುದನ್ನು ಎರಡು ನಿಮಿಷ ನೋಡಿದವಳ ಮುಖ ಬದಲಾಯಿತು. ರಶ್ಮಿ ಹುಟ್ಟುವ ಹಿಂದಿನ ದಿನ ಆಸ್ಪತ್ರೆಯ ವರಾಂಡದಲ್ಲಿ ಅವಳೂ ಹೀಗೇ ನಡೆದಿದ್ದಳು. ಕೂರಲಾಗದೆ, ನಿಲ್ಲಲಾಗದೆ, ಗೋಡೆಯಿಂದ ಗೋಡೆಗೆ. ಆಗಲೂ ಗಂಡ ವರಾಂಡದ ಟೈಲ್ಸಿನ ಸಂದಿ ನೋಡುತ್ತಾ ನಿಂತಿದ್ದರು.

"ಇದಕ್ಕೆ ಹೊಟ್ಟೆ ಐತೆ ಕಣೇ" ಎಂದಳು. "ಹೆರೋಕೆ ಜಾಗ ಹುಡುಕ್ತೈತೆ. ಆ ಹುಡುಗಗೆ ಫೋನ್ ಮಾಡು ಮೊದ್ಲು."

ರಶ್ಮಿ ವಿಡಿಯೋ ಕಾಲ್ ಮಾಡಿ ತೋರಿಸಿದಳು. "ಎಷ್ಟು ದಿನದಿಂದ?" ಎಂದು ಕೇಳಿದ ಆಸಿಮ್. ನಾಲ್ಕು ದಿನ ಎಂದಳು. "ಮಣ್ಣಿನ ಬಕೆಟ್ ಎಲ್ಲಿ? ನಾನು ನಿಮ್ಮ ತಂದೆಯವರಿಗೆ ಆವತ್ತೇ ಹೇಳಿದ್ನಲ್ಲಾ ಮೇಡಂ. ಕೆಳಗಿಳಿದ ತಕ್ಷಣ ಹಸಿ ಮಣ್ಣು ಇಡಿ, ಇಲ್ದಿದ್ರೆ ಸಾಯುತ್ತೆ ಅಂತ. ಮಗಳಿಗೆ ಹೇಳ್ತೀನಿ ಅಂದಿದ್ರು."

ನಾಗಭೂಷಣರು ಸೋಫಾದ ಮೇಲೆ ಪೇಪರು ಓದುತ್ತಿದ್ದರು. ಮಗಳು ತಿರುಗಿ ನೋಡಿದಳು. ಅವಳು ಕೂಗಾಡಿದ್ದರೆ ಅವರೂ ಕೂಗಾಡಿ ಗೆಲ್ಲುತ್ತಿದ್ದರು. ಅವಳು ಸುಮ್ಮನೆ ನೋಡಿದಳು. ಮೂವತ್ತು ವರ್ಷದ ವ್ಯಾಪಾರದಲ್ಲಿ ಎಂಥೆಂಥಾ ಗಿರಾಕಿಗಳ ಸಿಟ್ಟನ್ನು ನಗುತ್ತಾ ನುಂಗಿದ ಮನುಷ್ಯನಿಗೆ ಹದಿನೇಳರ ಹುಡುಗಿಯ ಆ ನೋಟವನ್ನು ನುಂಗಲಾಗಲಿಲ್ಲ.

"ಮಣ್ಣು ತಾನೆ? ಈಗ ತರ್ತೀನಿ" ಎಂದು ಎದ್ದರು.

ತರಬೇಕಲ್ಲ, ಎಲ್ಲಿಂದ? ಪ್ಲಾಸ್ಟಿಕ್ ಬಕೆಟ್ ಹಿಡಿದು ಹಿತ್ತಲಿಗೆ ಹೋದರು. ಪೇವರು. ಮುಂದಕ್ಕೆ ಬಂದರು. ಗ್ರಾನೈಟು. ಕುಂಡದ ಮಣ್ಣಿಗೆ ಗೊಬ್ಬರ, ಔಷಧಿ ಎಲ್ಲ ಬೆರೆತಿದೆ, ಅದು ಬೇಡವೇ ಬೇಡ ಎಂದು ಆಸಿಮ್ ಹೇಳಿದ್ದ. ಪಕ್ಕದ ಮನೆಯ ಗೇಟು ತಟ್ಟಿದರು.

"ಒಂದು ಬಕೆಟ್ ಮಣ್ಣು ಐತೇನ್ರಿ?"

"ಮಣ್ಣಾ?" ಎಂದರು ಪಕ್ಕದ ಮನೆಯ ಜಂಬಯ್ಯನವರು. "ಎಲ್ಲಿಂದ ಬರ್ಬೇಕ್ರಿ ಮಣ್ಣು? ಅಂಗಳ ಪೂರ್ತಿ ಮುಚ್ಚಿಸ್ರಿ, ಮಣ್ಣು ಇದ್ರೆ ಮನೆಗೆ ಮರ್ಯಾದಿ ಇಲ್ಲ ಅಂತ ನೀವೇ ಹಾಕಿಸಿಕೊಟ್ರಲ್ಲ!"

ಎದುರು ಮನೆಯಲ್ಲೂ ಅವರೇ ಹಾಕಿಸಿದ್ದು. ಅದರಾಚೆ ಮನೆಯಲ್ಲೂ. ಬೀದಿಯ ಉದ್ದಕ್ಕೂ ಬೆಳಗಿನ ಬಿಸಿಲಲ್ಲಿ ಖಾಲಿ ಬಕೆಟ್ ಹಿಡಿದು ನಡೆದ ನಾಗಭೂಷಣರನ್ನು ಜನ ಬಾಲ್ಕನಿಯಿಂದ ನೋಡಿದರು. ಪಾರ್ಕಿನಲ್ಲಿ ಮಣ್ಣಿತ್ತು, ಕಾವಲಿನವನೂ ಇದ್ದ. ಮೂಲೆಯಲ್ಲಿ ಕಟ್ಟುತ್ತಿದ್ದ ಮನೆಯ ಮುಂದೆ ಮರಳಿನ ರಾಶಿ ಕಂಡು ಓಡಿದರು. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡು. ಹಿಡಿದರೆ ಕೈಗೆ ಚುಚ್ಚುತ್ತಿತ್ತು, ಮುಷ್ಟಿ ಬಿಟ್ಟರೆ ಉದುರುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಒಲೆ ಈಗ ಅವರ ಹೊಟ್ಟೆಯಲ್ಲಿ ಉರಿಯುತ್ತಿತ್ತು. ರಸ್ತೆಯಲ್ಲೇ ನಿಂತು ಮಾಳಿಂಗಪ್ಪನಿಗೆ ಫೋನು ಮಾಡಿದರು.

"ಬರ್ರಿ ಸಾವ್ಕಾರ್ರ, ನಮ್ಮ ಹಿತ್ಲಾಗೆ ಬೇಕಾದಷ್ಟು ಐತೆ" ಎಂದ ಅವನು.

ಹರಿಹರದಲ್ಲಿ ಹೊಳೆಯ ಕಡೆಗಿನ ಕೇರಿ. ಇಪ್ಪತ್ತೆರಡು ವರ್ಷದಲ್ಲಿ ನಾಗಭೂಷಣರು ಮಾಳಿಂಗಪ್ಪನ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಎಷ್ಟು ಅವಸರವಿದ್ದರೂ ಅಭ್ಯಾಸ ಬಿಡುತ್ತದೆಯೇ, ಕಣ್ಣು ಕೆಳಗೆ ಹೋಯಿತು. ನಡುಮನೆಯ ನೆಲಕ್ಕೆ ಬಗೆಬಗೆಯ ಚೂರುಗಳನ್ನು ಮಾಳಿಂಗಪ್ಪ ಜೋಡಿಸಿದ್ದ. ಬಿಳಿ, ಬೂದು, ಗುಲಾಬಿ, ಒಂದಕ್ಕೊಂದು ಹೊಂದದ ನೂರಾರು ಚೂರು, ಎಲ್ಲೂ ಒಂದು ಕೂದಲೆಳೆಯ ಏರುತಗ್ಗಿಲ್ಲ. ದಾವಣಗೆರೆಯ ದೊಡ್ಡ ಮನೆಗಳಲ್ಲಿ ಕತ್ತರಿಸಿ ಎಸೆದದ್ದನ್ನೆಲ್ಲ ಆಯ್ದು ತಂದು ಹಾಕಿಕೊಂಡಿದ್ದ. "ಅದು ನಿಮ್ಮ ದೇವರಮನೇದು ಸಾವ್ಕಾರ್ರ" ಎಂದು ಒಂದು ತುಂಡನ್ನು ತೋರಿಸಿದಳು ಅವನ ಹೆಂಡತಿ ಉಚ್ಚಂಗಮ್ಮ. ನಾಗಭೂಷಣರು ಕೀ ತೆಗೆಯಲಿಲ್ಲ.

ಹಿತ್ತಲಿನಲ್ಲಿ ಬರೀ ನೆಲ. ಬದನೆ ಗಿಡ, ಕೋಳಿ, ಒಂದು ಬೇವಿನ ಮರ. ಮಾಳಿಂಗಪ್ಪ ಗುದ್ದಲಿ ಹಿಡಿದು ಅಗೆದ. "ಬರೇ ಉಸುಗು ಆದ್ರೆ ಬಿಲ ಕುಸೀತೈತೆ, ಬರೇ ಎರೆ ಆದ್ರೆ ಬಿಗಿಯಾಕ್ತೈತೆ. ಎರಡೂ ಬೆರೆಸ್ಬೇಕ್ರಿ" ಎನ್ನುತ್ತಾ ಹೊಳೆಯ ಮರಳನ್ನೂ ಮಣ್ಣನ್ನೂ ನೀರು ಚಿಮುಕಿಸಿ ಕಲಸಿದ. ಬೆರಳಿನಿಂದ ತೂತು ಮಾಡಿ ನೋಡಿದ. ತೂತು ನಿಂತಿತು. ಆವತ್ತೇ ಹೇಳಿದ್ದೆ ಎಂದು ಅವನು ಅನ್ನಬಹುದಿತ್ತು. ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ನಾಗಭೂಷಣರಿಗೆ ಅನ್ನಿಸಿತು.

ಬಕೆಟ್ಟನ್ನು ಡಿಕ್ಕಿಯಲ್ಲಿಟ್ಟರೆ ಅಲುಗಾಡೀತೆಂದು ಮುಂದಿನ ಸೀಟಿನಲ್ಲಿಟ್ಟು ಬೆಲ್ಟು ಹಾಕಿದರು. ಕಾರಿಗೆ ಮಣ್ಣಾಯಿತು, ಬಿಳಿ ಪ್ಯಾಂಟಿಗೆ ಮಣ್ಣಾಯಿತು, ಮನೆಯ ಹಾಲಿನ ಉದ್ದಕ್ಕೂ ಅವರದೇ ಮಣ್ಣಿನ ಹೆಜ್ಜೆಗಳು ಮೂಡಿದವು. ಯಾರೂ ಒರೆಸಲು ಹೋಗಲಿಲ್ಲ.

ರಶ್ಮಿ ಬಕೆಟ್ಟನ್ನು ಗೂಡಿನೊಳಗಿಟ್ಟು, ಸುತ್ತ ಬೆಡ್‌ಶೀಟು ಕಟ್ಟಿದಳು. ಯಾರೂ ನೋಡಬಾರದು, ನೋಡಿದರೆ ಅದು ಅಗೆಯುವುದನ್ನು ನಿಲ್ಲಿಸಿಬಿಡುತ್ತದೆ ಎಂದು ಆಸಿಮ್ ಹೇಳಿದ್ದ. ಅಂಗಡಿಯಿಂದ ಫೋನು ಬಂತು, ಯಾರೋ ಗಿರಾಕಿ ಊಸರವಳ್ಳಿ ನೋಡಬೇಕಂತೆ. "ಇವತ್ತು ಬ್ಯಾಡ. ಯಾವತ್ತೂ ಬ್ಯಾಡ" ಎಂದು ನಾಗಭೂಷಣರು ಫೋನಿಟ್ಟರು. ಬೆಡ್‌ಶೀಟಿನ ಆಚೆ ಕುರ್ಚಿ ಹಾಕಿಕೊಂಡು ಕೂತರು. ಒಳಗೆ ಮಣ್ಣು ಸರಿಯುವ ಸಣ್ಣ ಸದ್ದು. ನಿಲ್ಲುವುದು, ಮತ್ತೆ ಕೇಳುವುದು. ಮೂವತ್ತು ವರ್ಷ ನೆಲ ಕುಟ್ಟಿ ಸದ್ದು ಕೇಳಿದ ಕಿವಿ ಅದು. ಆ ಸದ್ದು ನಿಂತಾಗಲೆಲ್ಲ ಅವರು ಕುರ್ಚಿಯ ಅಂಚಿಗೆ ಸರಿದು ಬೆಡ್‌ಶೀಟಿನ ಕಡೆಗೆ ಕಿವಿ ಚಾಚುತ್ತಿದ್ದರು.

ಮರುದಿನ ಮಧ್ಯಾಹ್ನ ರಶ್ಮಿ ಬಟ್ಟೆ ಸರಿಸಿದಳು. ಪಚ್ಚೆ ಬಕೆಟ್ಟಿನ ಪಕ್ಕ ಸಣ್ಣಗಾಗಿ ಕೂತಿತ್ತು. ಮಣ್ಣಿನಲ್ಲಿ ಬಿಲವೇ ಕಾಣಲಿಲ್ಲ. ಮೊಟ್ಟೆ ಇಟ್ಟು, ಬಿಲ ಮುಚ್ಚಿ, ಕಾಲಿನಿಂದ ತಟ್ಟಿ ತಟ್ಟಿ ಎಲ್ಲಿ ಅಗೆದಿತ್ತೆಂದು ಗೊತ್ತಾಗದ ಹಾಗೆ ಮಟ್ಟಮಾಡಿತ್ತು. ನಾಗಭೂಷಣರು ಬಗ್ಗಿ ನೋಡಿದರು. ಇಷ್ಟು ಅಚ್ಚುಕಟ್ಟಾದ ನೆಲವನ್ನು ಅವರು ಬದುಕಿನಲ್ಲಿ ಹಾಕಿಸಿರಲಿಲ್ಲ. ಅವರಿಗೆ ಅಳು ಬಂತು, ಅತ್ತರು. ಮೂಗು ಒರೆಸಿಕೊಳ್ಳುತ್ತಾ "ಗೆದ್ತು ನೋಡು ಪುಟ್ಟಿ, ಗೆದ್ತು" ಎಂದರು.

ಗೆಲ್ಲಲಿಲ್ಲ. ನಾಲ್ಕು ದಿನ ಕಲ್ಲಿನ ಜೊತೆ ಗುದ್ದಾಡಿ ಅದರ ಶಕ್ತಿಯೆಲ್ಲ ಮುಗಿದಿತ್ತು. ಎರಡು ದಿನ ನೀರು ಕುಡಿಸಿದರು, ಆಸಿಮ್ ಹೇಳಿದ ಔಷಧಿ ಹನಿ ಹನಿ ಬಾಯಿಗೆ ಬಿಟ್ಟರು. ಮೂರನೆಯ ದಿನ ಬೆಳಗ್ಗೆ ರಶ್ಮಿಯ ಅಂಗೈಯಲ್ಲೇ ಪಚ್ಚೆಯ ಎರಡೂ ಕಣ್ಣು ಮುಚ್ಚಿದವು.

ಹೂಳಲು ಹರಿಹರಕ್ಕೇ ಹೋಗಬೇಕಾಯಿತು. ಮಾಳಿಂಗಪ್ಪ ಬೇವಿನ ಮರದ ಕೆಳಗೆ ಗುಂಡಿ ತೋಡಿಟ್ಟಿದ್ದ. ರಶ್ಮಿ ತನ್ನ ಕೈಯಾರೆ ಇಟ್ಟು, ಕೈಯಾರೆ ಮಣ್ಣೆಳೆದಳು. ವಾಣಿಶ್ರೀ ಒಂದು ಕಣಗಿಲೆ ಹೂವಿಟ್ಟಳು. ಅಷ್ಟರಲ್ಲಿ ನಾಗಭೂಷಣರು ಕಾರಿನ ಕಡೆಗೆ ಹೋಗಿ, ಹಳೇ ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ಬಂದರು. ಬೆಳಗ್ಗೆ ಯಾರಿಗೂ ಹೇಳದೆ ಕರೂರಿನ ಗೋಡೌನಿಗೆ ಹೋಗಿ, ತಾವೇ ಎದುರು ನಿಂತು ಕೊಯ್ಯಿಸಿದ್ದರು. ಒಂದಡಿ ಉದ್ದದ ಹಸಿರು ಗ್ರಾನೈಟು, ನಾಲ್ಕೂ ಅಂಚು ನಯವಾಗಿ ದುಂಡಗೆ, ನಡುವೆ ಚೆಂದದ ಅಕ್ಷರದಲ್ಲಿ ಪಚ್ಚೆ ಎಂದು ಕೆತ್ತನೆ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಕಲ್ಲು.

"ಇದನ್ನ ಮ್ಯಾಲೆ ಹಾಸಿಬಿಡಾಣ ಪುಟ್ಟಿ" ಎಂದರು. ಕಣ್ಣು ಕೆಂಪಗಿತ್ತು. "ನೂರು ವರ್ಷ ಆದ್ರೂ ಏನೂ ಆಗಲ್ಲ."

ರಶ್ಮಿ ಮಣ್ಣಿನ ಕೈಯನ್ನು ಆ ಗುಂಡಿಯ ಮೇಲೆ ಅಡ್ಡ ಇಟ್ಟಳು.

"ಅಪ್ಪಾಜಿ, ಅದು ಮಣ್ಣು ಕೇಳಿ ಕೇಳಿ ಸತ್ತಿದೆ" ಎಂದಳು. "ಈಗ ಸಿಕ್ಕಿದೆ. ನೀವು ಅದರ ಮೇಲೆ ಏನೂ ಹಾಕ್ಬೇಡಿ."

ವಾಣಿಶ್ರೀ ಗಂಡನ ತೋಳು ಹಿಡಿದಳು. ನಾಗಭೂಷಣರು ಕಲ್ಲನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ ಕಾರಿಗೆ ತೆಗೆದುಕೊಂಡು ಹೋದರು.